ದೀರ್ಘಕಾಲೀನ ಶ್ವಾಸಕೋಶ ರೋಗಗಳಲ್ಲಿ ವ್ಯಾಯಾಮ ಪರೀಕ್ಷೆ

ವ್ಯಾಯಾಮ ಪರೀಕ್ಷೆ ಎಂಬುದು ರೋಗಿಯು ನಿಗದಿತ ಕ್ರಮದಲ್ಲಿ ನಡೆಯುವಾಗ, ಮೆಟ್ಟಿಲು ಹತ್ತುವಾಗ, ಸೈಕಲ್ ತುಳಿಯುವಾಗ ಅಥವಾ ಕುರ್ಚಿಯಿಂದ ಎದ್ದು ಕೂರುವಾಗ ಅವನ ಶ್ವಾಸಕೋಶ, ಹೃದಯ ಮತ್ತು ಸ್ನಾಯುಗಳು ಆ ಶ್ರಮಕ್ಕೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಅಳೆಯುವ ವೈದ್ಯಕೀಯ ವಿಧಾನವಾಗಿದೆ. ಸಿಒಪಿಡಿ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾದ ದೀರ್ಘಕಾಲೀನ ಶ್ವಾಸಮಾರ್ಗ ಅಡಚಣೆಯ ರೋಗ, ಶ್ವಾಸಕೋಶದ ನಾರುಗಟ್ಟುವಿಕೆ, ಶ್ವಾಸಕೋಶದ ರಕ್ತನಾಳಗಳ ಅಧಿಕ ಒತ್ತಡ, ಅಸ್ತಮಾ ಹಾಗೂ ಕ್ಷಯರೋಗ ಗುಣವಾದ ನಂತರ ಉಳಿಯುವ ಶ್ವಾಸಕೋಶದ ಹಾನಿ ಮುಂತಾದ ಸ್ಥಿತಿಗಳಲ್ಲಿ ಇದನ್ನು ಬಳಸುತ್ತಾರೆ. ರೋಗದ ತೀವ್ರತೆಯನ್ನು ತಿಳಿಯಲು, ಆಮ್ಲಜನಕ ಚಿಕಿತ್ಸೆಯ ಅಗತ್ಯವನ್ನು ನಿರ್ಧರಿಸಲು, ಶ್ವಾಸಕೋಶ ಪುನಶ್ಚೇತನದ ನಡಿಗೆಯನ್ನು ರೂಪಿಸಲು ಮತ್ತು ಶಸ್ತ್ರಚಿಕಿತ್ಸೆಯ ಅಪಾಯವನ್ನು ಅಂದಾಜಿಸಲು ಇದು ನೆರವಾಗುತ್ತದೆ.

ಈ ಪರೀಕ್ಷೆಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಸುಸಜ್ಜಿತ ಪ್ರಯೋಗಾಲಯದಲ್ಲಿ ಉಸಿರಿನ ಅನಿಲಗಳನ್ನು ಅಳೆಯುತ್ತಾ ನಡೆಸುವ ಪರೀಕ್ಷೆ. ಎರಡನೆಯದು ಕಾರಿಡಾರ್, ಕುರ್ಚಿ ಅಥವಾ ಮೆಟ್ಟಿಲುಗಳನ್ನು ಬಳಸಿ ನಡೆಸುವ ಸರಳ ಪರೀಕ್ಷೆ. ಎರಡನೆಯ ಬಗೆಯಲ್ಲಿ ಆರು ನಿಮಿಷಗಳ ನಡಿಗೆ ಪರೀಕ್ಷೆಯು ಅತ್ಯಂತ ಹೆಚ್ಚು ಬಳಕೆಯಲ್ಲಿದೆ. ಇದಕ್ಕೆ ಬೇಕಾದ ಸಲಕರಣೆ ಅಲ್ಪವಾದುದರಿಂದ ದೊಡ್ಡ ನಗರಗಳಿಂದ ದೂರವಿರುವ ಆಸ್ಪತ್ರೆಗಳಲ್ಲಿಯೂ ಇದನ್ನು ನಡೆಸಬಹುದು.

## ವಿಶ್ರಾಂತಿಯ ಅಳತೆಯ ಕೊರತೆ

ಶ್ವಾಸಕೋಶ ರೋಗದ ನಿರ್ಣಯಕ್ಕೆ ಸ್ಪೈರೋಮೆಟ್ರಿ ಮೂಲಭೂತ ಪರೀಕ್ಷೆಯಾಗಿದೆ. ಶ್ವಾಸನಾಳವನ್ನು ಹಿಗ್ಗಿಸುವ ಔಷಧ ನೀಡಿದ ಬಳಿಕವೂ, ಮೊದಲ ಒಂದು ಸೆಕೆಂಡಿನಲ್ಲಿ ರಭಸದಿಂದ ಹೊರಬರುವ ಗಾಳಿಯು ಒಟ್ಟು ಹೊರಬರುವ ಗಾಳಿಯ 0.70 ಭಾಗಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ ಇದೆಯೆಂದು ಪರಿಗಣಿಸುತ್ತಾರೆ. ಆದರೆ ಈ ಪರೀಕ್ಷೆಯನ್ನು ರೋಗಿ ಕುಳಿತಿರುವಾಗ ನಡೆಸಲಾಗುತ್ತದೆ. ಅವನು ಎಷ್ಟು ದೂರ ನಡೆಯಬಲ್ಲ, ನಡೆಯುವಾಗ ರಕ್ತದ ಆಮ್ಲಜನಕ ಎಷ್ಟು ಇಳಿಯುತ್ತದೆ, ಅವನನ್ನು ತಡೆಯುತ್ತಿರುವುದು ಉಸಿರೋ ಕಾಲಿನ ನಿಶ್ಶಕ್ತಿಯೋ ಎಂಬುದನ್ನು ಸ್ಪೈರೋಮೀಟರ್ ತಿಳಿಸುವುದಿಲ್ಲ. ಸ್ಪೈರೋಮೆಟ್ರಿಯ ಫಲಿತಾಂಶ ಒಂದೇ ಆಗಿರುವ ಇಬ್ಬರಲ್ಲಿ ಒಬ್ಬರು ಹೊಲಕ್ಕೆ ಹೋಗಿಬರುವಷ್ಟು ಶಕ್ತರಾಗಿದ್ದು, ಇನ್ನೊಬ್ಬರು ಮನೆಯ ಅಂಗಳ ದಾಟಲು ಕಷ್ಟಪಡುವುದುಂಟು.

ರಕ್ತದ ಆಮ್ಲಜನಕದ ವಿಷಯವೂ ಹೀಗೆಯೇ. ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನು ಪಲ್ಸ್ ಆಕ್ಸಿಮೀಟರ್ ಬೆರಳಿನ ತುದಿಯಿಂದ ತೋರಿಸುತ್ತದೆ. ನಾರುಗಟ್ಟಿದ ಶ್ವಾಸಕೋಶವುಳ್ಳ ರೋಗಿಯು ಕುಳಿತಿರುವಾಗ ಈ ಅಂಕಿ ಶೇ. 95ರಷ್ಟಿದ್ದು, ಕೆಲವು ನಿಮಿಷ ನಡೆದ ಮೇಲೆ ಶೇ. 85ಕ್ಕಿಂತ ಕೆಳಗೆ ಬರಬಹುದು. ಹೊರರೋಗಿ ವಿಭಾಗದಲ್ಲಿ ಕುಳ್ಳಿರಿಸಿ ಮಾತ್ರ ಅಳೆದರೆ ಇಂತಹ ಕುಸಿತವು ಗಮನಕ್ಕೆ ಬಾರದೆ ಉಳಿಯುತ್ತದೆ.

ರೋಗಿಯ ಮಾತಿನಿಂದಲೂ ಇದು ಪೂರ್ಣವಾಗಿ ತಿಳಿಯುವುದಿಲ್ಲ. ದೀರ್ಘಕಾಲದಿಂದ ಏದುಸಿರು ಇರುವವರು ಅರಿವಿಲ್ಲದೆಯೇ ನಡಿಗೆಯನ್ನು ಕಡಿಮೆ ಮಾಡಿಕೊಂಡಿರುತ್ತಾರೆ. ಆದುದರಿಂದ ತಮಗೆ ತೊಂದರೆಯಿಲ್ಲವೆಂದು ಹೇಳುತ್ತಾರೆ. ಅನೇಕರು ಇದನ್ನು ವಯಸ್ಸಿನ ಸಹಜ ಲಕ್ಷಣವೆಂದು ಭಾವಿಸುತ್ತಾರೆ.

## ಶ್ರಮದ ವೇಳೆ ದೇಹದಲ್ಲಾಗುವ ಬದಲಾವಣೆ

ನಡೆಯುವಾಗ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ ಮತ್ತು ಅಲ್ಲಿ ಉತ್ಪತ್ತಿಯಾದ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕಾಗುತ್ತದೆ. ಆರೋಗ್ಯವಂತರಲ್ಲಿ ಉಸಿರಾಟದ ವೇಗ ಮತ್ತು ಆಳ ಎರಡೂ ಹೆಚ್ಚುತ್ತವೆ, ಹೃದಯವು ಹೆಚ್ಚು ರಕ್ತವನ್ನು ಪಂಪು ಮಾಡುತ್ತದೆ. ಗರಿಷ್ಠ ಶ್ರಮದಲ್ಲಿಯೂ ಅವರಿಗೆ ಉಸಿರಾಟದ ಸಾಮರ್ಥ್ಯ ಸ್ವಲ್ಪ ಉಳಿದಿರುತ್ತದೆ. ರೋಗಿಗಳಲ್ಲಿ ಈ ಸರಪಳಿಯ ಒಂದು ಅಥವಾ ಹೆಚ್ಚು ಕೊಂಡಿಗಳು ದುರ್ಬಲವಾಗಿರುತ್ತವೆ.

* ಗಾಳಿ ಸಿಲುಕುವಿಕೆ: ಸಿಒಪಿಡಿಯಲ್ಲಿ ಶ್ವಾಸನಾಳಗಳು ಕಿರಿದಾಗಿರುವುದರಿಂದ ಗಾಳಿಯು ನಿಧಾನವಾಗಿ ಹೊರಹೋಗುತ್ತದೆ. ಉಸಿರಾಟದ ವೇಗ ಹೆಚ್ಚಿದಂತೆ ಉಸಿರು ಬಿಡಲು ದೊರೆಯುವ ಸಮಯ ಕಡಿಮೆಯಾಗಿ, ಹಿಂದಿನ ಉಸಿರು ಪೂರ್ಣ ಹೊರಹೋಗುವ ಮೊದಲೇ ಮುಂದಿನದು ಒಳಬರುತ್ತದೆ. ಎದೆ ಉಬ್ಬಿದಂತೆಯೇ ಉಳಿದು ಹೊಸ ಗಾಳಿಗೆ ಸ್ಥಳವಿಲ್ಲದಂತಾಗುತ್ತದೆ.
* ಅನಿಲ ವಿನಿಮಯದ ಕೊರತೆ: ಶ್ವಾಸಕೋಶದ ಗಾಳಿಗೂಡುಗಳ ಗೋಡೆ ನಾಶವಾದಾಗ ಅಥವಾ ದಪ್ಪವಾದಾಗ, ವೇಗವಾಗಿ ಹರಿಯುವ ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸೇರುವುದಿಲ್ಲ.
* ರಕ್ತಪರಿಚಲನೆಯ ತೊಡಕು: ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದ್ದರೆ ಹೃದಯದ ಬಲಭಾಗವು ಶ್ರಮಕ್ಕೆ ತಕ್ಕಂತೆ ರಕ್ತವನ್ನು ತಳ್ಳಲಾರದು.
* ಸ್ನಾಯುಗಳ ಕ್ಷೀಣತೆ: ಏದುಸಿರಿಗೆ ಹೆದರಿ ಚಲನೆ ಕಡಿಮೆ ಮಾಡಿದವರಲ್ಲಿ ತೊಡೆಯ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಬೇಗ ದಣಿದು ಉಸಿರಿನ ಮೇಲಿನ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಕೊನೆಯ ಕಾರಣವು ಚಿಕಿತ್ಸೆಯ ದೃಷ್ಟಿಯಿಂದ ಮಹತ್ವದ್ದಾಗಿದೆ. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡಲು ಸಾಧ್ಯವಾಗದಿದ್ದರೂ ಸೊರಗಿದ ಸ್ನಾಯುವನ್ನು ತರಬೇತಿಯಿಂದ ಬಲಪಡಿಸಬಹುದು.

## ಇತಿಹಾಸ

ದೇಹವು ಗರಿಷ್ಠ ಶ್ರಮದಲ್ಲಿ ಬಳಸಬಲ್ಲ ಆಮ್ಲಜನಕಕ್ಕೆ ಒಂದು ಮಿತಿಯಿದೆ ಎಂಬ ಪರಿಕಲ್ಪನೆಯನ್ನು ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಎ. ವಿ. ಹಿಲ್ 1920ರ ದಶಕದಲ್ಲಿ ಬೆಳೆಸಿದರು. 1968ರಲ್ಲಿ ಅಮೆರಿಕದ ಕೆನೆತ್ ಕೂಪರ್, ಸೈನಿಕರ ದೇಹದಾರ್ಢ್ಯವನ್ನು ಅಳೆಯಲು 12 ನಿಮಿಷಗಳಲ್ಲಿ ಕ್ರಮಿಸಿದ ದೂರವನ್ನು ಬಳಸುವ ಕ್ರಮವನ್ನು ಪ್ರಕಟಿಸಿದರು. 1976ರಲ್ಲಿ ಮೆಕ್‌ಗ್ಯಾವಿನ್ ಮತ್ತು ಸಂಗಡಿಗರು ಇದನ್ನು ದೀರ್ಘಕಾಲೀನ ಬ್ರಾಂಕೈಟಿಸ್ ರೋಗಿಗಳಿಗೆ ಹೊಂದಿಸಿ 12 ನಿಮಿಷಗಳ ನಡಿಗೆ ಪರೀಕ್ಷೆಯನ್ನು ರೂಪಿಸಿದರು. ತೀವ್ರ ರೋಗವಿದ್ದವರಿಗೆ ಅಷ್ಟು ಹೊತ್ತು ನಡೆಯುವುದು ಪ್ರಯಾಸಕರವಾಗಿತ್ತು. 1982ರಲ್ಲಿ ಬಟ್‌ಲ್ಯಾಂಡ್ ಮತ್ತು ಸಂಗಡಿಗರು ಎರಡು, ಆರು ಮತ್ತು ಹನ್ನೆರಡು ನಿಮಿಷಗಳ ನಡಿಗೆಗಳನ್ನು ಹೋಲಿಸಿ, ಕಡಿಮೆ ಅವಧಿಯ ಪರೀಕ್ಷೆಗಳೂ ಉಪಯುಕ್ತವೆಂದು ತೋರಿಸಿದರು. ಅಲ್ಲಿಂದ ಆರು ನಿಮಿಷಗಳ ಅವಧಿಯು ರೂಢಿಗೆ ಬಂದಿತು.

1992ರಲ್ಲಿ ಇಂಗ್ಲೆಂಡಿನ ಸ್ಯಾಲಿ ಸಿಂಗ್ ಮತ್ತು ಸಂಗಡಿಗರು ಶಟಲ್ ನಡಿಗೆ ಪರೀಕ್ಷೆಯನ್ನು ಪ್ರಕಟಿಸಿದರು. ಅಮೆರಿಕನ್ ಥೊರಾಸಿಕ್ ಸೊಸೈಟಿಯು 2002ರಲ್ಲಿ ಆರು ನಿಮಿಷಗಳ ನಡಿಗೆಗೆ ಮಾರ್ಗಸೂಚಿಯನ್ನು ಹೊರತಂದಿತು. 2014ರಲ್ಲಿ ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ ಮತ್ತು ಅಮೆರಿಕನ್ ಥೊರಾಸಿಕ್ ಸೊಸೈಟಿಗಳು ಜಂಟಿಯಾಗಿ ಪರಿಷ್ಕೃತ ತಾಂತ್ರಿಕ ಮಾನದಂಡವನ್ನು ಪ್ರಕಟಿಸಿದವು. ಜಪಾನಿನ ತಕುಒ ಅಒಯಾಗಿ 1970ರ ದಶಕದಲ್ಲಿ ರೂಪಿಸಿದ ತತ್ತ್ವದ ಮೇಲೆ ಬೆಳೆದ ಪಲ್ಸ್ ಆಕ್ಸಿಮೀಟರ್, ನಡಿಗೆಯ ಸಮಯದಲ್ಲಿ ಸೂಜಿ ಚುಚ್ಚದೆಯೇ ಆಮ್ಲಜನಕವನ್ನು ಗಮನಿಸಲು ಅವಕಾಶ ನೀಡಿತು.

## ವಿಧಗಳು

### ಆರು ನಿಮಿಷಗಳ ನಡಿಗೆ ಪರೀಕ್ಷೆ

ರೋಗಿಯು ಆರು ನಿಮಿಷಗಳಲ್ಲಿ ಸಮತಟ್ಟಾದ ನೆಲದ ಮೇಲೆ ತನ್ನಿಂದಾದಷ್ಟು ಹೆಚ್ಚು ದೂರ ನಡೆಯಬೇಕು. ವೇಗವನ್ನು ಅವನೇ ನಿರ್ಧರಿಸುತ್ತಾನೆ. ಬೇಕೆನಿಸಿದಾಗ ನಿಲ್ಲಬಹುದು, ಗೋಡೆಗೆ ಒರಗಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ.

ಬೇಕಾಗುವ ಸಾಮಗ್ರಿಗಳು: ಕನಿಷ್ಠ 30 ಮೀಟರ್ ಉದ್ದದ, ಜನಸಂಚಾರವಿಲ್ಲದ ನೇರ ಕಾರಿಡಾರ್; ತಿರುವುಗಳನ್ನು ಗುರುತಿಸಲು ಎರಡು ಕೋನ್‌ಗಳು; ಅಳತೆ ಟೇಪು; ಸ್ಟಾಪ್‌ವಾಚ್; ಪಲ್ಸ್ ಆಕ್ಸಿಮೀಟರ್; ರಕ್ತದೊತ್ತಡ ಮಾಪಕ; ಕುರ್ಚಿ; ಏದುಸಿರಿನ ಮಾಪನ ಪಟ್ಟಿ; ತುರ್ತಿಗೆ ಆಮ್ಲಜನಕ ಮತ್ತು ಶ್ವಾಸನಾಳ ಹಿಗ್ಗಿಸುವ ಔಷಧ.

ಪರೀಕ್ಷೆಯ ಕ್ರಮ ಹೀಗಿದೆ:

1. ರೋಗಿಯು ಹಗುರವಾಗಿ ಆಹಾರ ಸೇವಿಸಿ, ಎಂದಿನ ಔಷಧಗಳನ್ನು ತೆಗೆದುಕೊಂಡು, ಆರಾಮದಾಯಕ ಬಟ್ಟೆ ಮತ್ತು ಪಾದರಕ್ಷೆ ಧರಿಸಿ ಬರಬೇಕು. ನಿತ್ಯ ಕೋಲು ಬಳಸುವವರು ಪರೀಕ್ಷೆಯಲ್ಲಿಯೂ ಬಳಸಬಹುದು.
2. ಆರಂಭಕ್ಕೆ ಮುನ್ನ ಕುರ್ಚಿಯಲ್ಲಿ ವಿಶ್ರಾಂತಿ ನೀಡಿ ನಾಡಿಬಡಿತ, ರಕ್ತದೊತ್ತಡ ಮತ್ತು ಆಮ್ಲಜನಕ ಮಟ್ಟವನ್ನು ದಾಖಲಿಸುತ್ತಾರೆ. ಏದುಸಿರು ಮತ್ತು ಕಾಲಿನ ದಣಿವನ್ನು 0ರಿಂದ 10ರವರೆಗಿನ ಬೋರ್ಗ್ ಮಾಪನದಲ್ಲಿ ರೋಗಿಯೇ ಸೂಚಿಸುತ್ತಾನೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಈ ಮಾಪನದಲ್ಲಿ 0 ಎಂದರೆ ತೊಂದರೆಯಿಲ್ಲ, 10 ಎಂದರೆ ಅತ್ಯಧಿಕ.
3. ಓಡಬಾರದು, ಆದಷ್ಟು ದೂರ ನಡೆಯಬೇಕು ಎಂದು ನಿಗದಿತ ವಾಕ್ಯಗಳಲ್ಲಿ ತಿಳಿಸುತ್ತಾರೆ.
4. ಪ್ರತಿ ನಿಮಿಷಕ್ಕೊಮ್ಮೆ ಸಮಾನ ಧ್ವನಿಯಲ್ಲಿ, ಚೆನ್ನಾಗಿ ನಡೆಯುತ್ತಿದ್ದಾರೆಂದೂ ಇನ್ನೆಷ್ಟು ನಿಮಿಷ ಉಳಿದಿದೆಯೆಂದೂ ಹೇಳುತ್ತಾರೆ. ಇದಕ್ಕಿಂತ ಹೆಚ್ಚು ಹುರಿದುಂಬಿಸಿದರೆ ದೂರ ಕೃತಕವಾಗಿ ಹೆಚ್ಚುತ್ತದೆ. ಪರೀಕ್ಷಕನು ರೋಗಿಯ ಪಕ್ಕದಲ್ಲಿ ನಡೆದರೆ ಅವನ ವೇಗ ಬದಲಾಗುವುದರಿಂದ ಅದನ್ನೂ ತಪ್ಪಿಸುತ್ತಾರೆ.
5. ಆಮ್ಲಜನಕ ಮಟ್ಟವನ್ನು ನಡಿಗೆಯುದ್ದಕ್ಕೂ ಗಮನಿಸಿ, ಅತ್ಯಂತ ಕೆಳಗಿನ ಅಂಕಿಯನ್ನು ದಾಖಲಿಸುತ್ತಾರೆ.
6. ಆರು ನಿಮಿಷ ಮುಗಿದೊಡನೆ ನಿಂತಲ್ಲಿಯೇ ಗುರುತು ಮಾಡಿ ಒಟ್ಟು ದೂರವನ್ನು ಲೆಕ್ಕಹಾಕುತ್ತಾರೆ. 30 ಮೀಟರ್ ಹಾದಿಯಲ್ಲಿ ಹೋಗಿಬರುವ ಒಂದು ಸುತ್ತು 60 ಮೀಟರ್. ಐದು ಸುತ್ತು ಮುಗಿಸಿ ಮತ್ತೆ 22 ಮೀಟರ್ ನಡೆದವನ ದೂರ 322 ಮೀಟರ್ ಆಗುತ್ತದೆ.

ಎರಡನೆಯ ಬಾರಿ ನಡೆಯುವಾಗ ಅಭ್ಯಾಸದ ಕಾರಣದಿಂದಲೇ ದೂರ ಸ್ವಲ್ಪ ಹೆಚ್ಚುತ್ತದೆ. ಆದ್ದರಿಂದ 2014ರ ಮಾನದಂಡವು ಕನಿಷ್ಠ 30 ನಿಮಿಷಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಹೆಚ್ಚಿನ ದೂರವನ್ನು ಪರಿಗಣಿಸಲು ಸೂಚಿಸುತ್ತದೆ.

### ಶಟಲ್ ನಡಿಗೆ ಪರೀಕ್ಷೆ

ಇದರಲ್ಲಿ 10 ಮೀಟರ್ ಹಾದಿಯ ಎರಡು ತುದಿಗಳ ನಡುವೆ, ಧ್ವನಿಮುದ್ರಿತ ಸಂಕೇತಕ್ಕೆ ಸರಿಯಾಗಿ ನಡೆಯಬೇಕು. ಮೊದಲ ಹಂತದ ವೇಗ ಸೆಕೆಂಡಿಗೆ 0.50 ಮೀಟರ್. ನಿಮಿಷಕ್ಕೊಮ್ಮೆ ವೇಗ ಹೆಚ್ಚುತ್ತಾ 12 ಹಂತಗಳವರೆಗೆ ಹೋಗುತ್ತದೆ. ಸಂಕೇತಕ್ಕೆ ಸರಿಯಾಗಿ ತುದಿಯನ್ನು ತಲುಪಲಾಗದಿದ್ದಾಗ ಅಥವಾ ಏದುಸಿರಿನಿಂದ ಮುಂದುವರಿಯಲಾಗದಿದ್ದಾಗ ಪರೀಕ್ಷೆ ಮುಗಿಯುತ್ತದೆ. ವೇಗವು ರೋಗಿಯ ಇಚ್ಛೆಗೆ ಬಿಟ್ಟದ್ದಲ್ಲವಾದುದರಿಂದ ಇದು ಅವನನ್ನು ಗರಿಷ್ಠ ಸಾಮರ್ಥ್ಯದ ಸಮೀಪಕ್ಕೆ ಒಯ್ಯುತ್ತದೆ.

### ಎದ್ದು ಕೂರುವ ಪರೀಕ್ಷೆ

ಕೈಗಳ ಆಸರೆಯಿಲ್ಲದೆ ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರಲು ಸಾಧ್ಯ ಎಂಬುದನ್ನು ಎಣಿಸುತ್ತಾರೆ. ಉದ್ದನೆಯ ಹಾದಿ ಇಲ್ಲದ ಚಿಕ್ಕ ಕೊಠಡಿಯಲ್ಲಿಯೂ ಇದನ್ನು ನಡೆಸಬಹುದು. ಮಂಡಿನೋವು ಇರುವವರಲ್ಲಿ ಫಲಿತಾಂಶವು ಶ್ವಾಸಕೋಶದ ಸ್ಥಿತಿಯನ್ನು ಸರಿಯಾಗಿ ಪ್ರತಿಬಿಂಬಿಸುವುದಿಲ್ಲ.

### ಹೃದಯ–ಶ್ವಾಸಕೋಶ ವ್ಯಾಯಾಮ ಪರೀಕ್ಷೆ

ಇದು ಪ್ರಯೋಗಾಲಯದ ಸಮಗ್ರ ಪರೀಕ್ಷೆ. ರೋಗಿಯು ಮುಖಕವಚ ಧರಿಸಿ ಸೈಕಲ್ ಎರ್ಗೋಮೀಟರ್ ತುಳಿಯುತ್ತಾನೆ ಅಥವಾ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾನೆ. ಸಾಮಾನ್ಯವಾಗಿ 8ರಿಂದ 12 ನಿಮಿಷಗಳಲ್ಲಿ ಗರಿಷ್ಠ ಶ್ರಮ ತಲುಪುವಂತೆ ಹೊರೆಯನ್ನು ಹೆಚ್ಚಿಸುತ್ತಾರೆ. ದೇಹ ಬಳಸಿದ ಆಮ್ಲಜನಕ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್, ಉಸಿರಾಟದ ಪ್ರಮಾಣ ಮತ್ತು ಇಸಿಜಿಯನ್ನು ಒಟ್ಟಿಗೆ ದಾಖಲಿಸುತ್ತಾರೆ. ಏದುಸಿರಿನ ಮೂಲ ಶ್ವಾಸಕೋಶವೋ, ಹೃದಯವೋ, ಸ್ನಾಯುವೋ ಎಂಬುದನ್ನು ಬೇರ್ಪಡಿಸಿ ತಿಳಿಯಲು ಇದು ಅತ್ಯುತ್ತಮ ವಿಧಾನ. ಆದರೆ ಯಂತ್ರಗಳು ದುಬಾರಿಯಾಗಿದ್ದು ತರಬೇತಿ ಪಡೆದ ತಜ್ಞರು ಬೇಕಾಗುತ್ತಾರೆ.

### ಅಸ್ತಮಾದಲ್ಲಿ ವ್ಯಾಯಾಮ ಪರೀಕ್ಷೆ

ಕೆಲವರಲ್ಲಿ ಶ್ರಮದ ನಂತರ ಶ್ವಾಸನಾಳಗಳು ಸಂಕುಚಿತಗೊಳ್ಳುತ್ತವೆ. ಇದನ್ನು ಪತ್ತೆಹಚ್ಚಲು 6ರಿಂದ 8 ನಿಮಿಷ ತೀವ್ರವಾಗಿ ಓಡಿಸಿ, ಬಳಿಕ ಸ್ಪೈರೋಮೆಟ್ರಿಯನ್ನು ಹಲವು ಬಾರಿ ನಡೆಸುತ್ತಾರೆ. ಮೊದಲ ಸೆಕೆಂಡಿನ ಗಾಳಿಯ ಪ್ರಮಾಣವು ಶೇ. 10 ಅಥವಾ ಹೆಚ್ಚು ಇಳಿದರೆ ಪರೀಕ್ಷೆ ಸಕಾರಾತ್ಮಕವೆನ್ನುತ್ತಾರೆ. ಇಲ್ಲಿ ಅಳೆಯುವುದು ನಡೆದ ದೂರವನ್ನಲ್ಲ, ಶ್ರಮದ ನಂತರದ ಪರಿಣಾಮವನ್ನು.

## ಸುರಕ್ಷತೆ

ಹಿಂದಿನ ಒಂದು ತಿಂಗಳಲ್ಲಿ ಹೃದಯಾಘಾತ ಅಥವಾ ಅಸ್ಥಿರ ಎದೆನೋವು ಆಗಿದ್ದವರಿಗೆ ಆರು ನಿಮಿಷಗಳ ನಡಿಗೆಯನ್ನು ಮಾಡಿಸಬಾರದು. ವಿಶ್ರಾಂತಿಯಲ್ಲಿಯೇ ನಾಡಿಬಡಿತ ನಿಮಿಷಕ್ಕೆ 120ಕ್ಕಿಂತ ಹೆಚ್ಚಿದ್ದರೆ ಅಥವಾ ರಕ್ತದೊತ್ತಡ 180/100ಕ್ಕಿಂತ ಹೆಚ್ಚಿದ್ದರೆ ವೈದ್ಯರ ವಿಶೇಷ ಪರಿಶೀಲನೆ ಅಗತ್ಯ. ಎದೆನೋವು, ಸಹಿಸಲಾಗದ ಏದುಸಿರು, ಕಾಲಿನ ಸೆಳೆತ, ತೂರಾಡುವಿಕೆ, ವಿಪರೀತ ಬೆವರು ಅಥವಾ ಮುಖ ಬಿಳಿಚಿಕೊಳ್ಳುವಿಕೆ ಕಂಡುಬಂದರೆ ಕೂಡಲೇ ನಿಲ್ಲಿಸಬೇಕು. ಆಮ್ಲಜನಕ ಮಟ್ಟ ಶೇ. 80ಕ್ಕಿಂತ ಕೆಳಗಿಳಿದರೆ ನಡಿಗೆಯನ್ನು ತಡೆಯಬೇಕೆಂದು 2014ರ ಮಾನದಂಡ ಹೇಳುತ್ತದೆ. ಆರು ನಿಮಿಷಗಳೊಳಗೆ ಅದು ಶೇ. 85 ಅಥವಾ ಹೆಚ್ಚಿಗೆ ಏರಿದರೆ ಮತ್ತೆ ನಡೆಯಲು ಹೇಳಬಹುದು.

ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮು ಇರುವವರಲ್ಲಿ ಮೊದಲು ಸಕ್ರಿಯ ಕ್ಷಯರೋಗ ಇಲ್ಲವೆಂಬುದನ್ನು ಕಫ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಭಾರತದಂತಹ ದೇಶಗಳಲ್ಲಿ ಅವಶ್ಯಕ. ರಭಸದ ಉಸಿರಾಟ ಮತ್ತು ಕೆಮ್ಮಿನಿಂದ ಸೋಂಕು ಇತರರಿಗೆ ಹರಡಬಹುದು.

## ಫಲಿತಾಂಶದ ಅರ್ಥೈಸುವಿಕೆ

ನಡೆದ ದೂರವು ವಯಸ್ಸು, ಎತ್ತರ, ತೂಕ ಮತ್ತು ಲಿಂಗವನ್ನು ಅವಲಂಬಿಸಿರುತ್ತದೆ. ಎನ್‌ರೈಟ್ ಮತ್ತು ಶೆರಿಲ್ 1998ರಲ್ಲಿ ಅಮೆರಿಕದ ಆರೋಗ್ಯವಂತ ವಯಸ್ಕರ ಆಧಾರದ ಮೇಲೆ ನೀಡಿದ ಸೂತ್ರದಂತೆ, ಮಹಿಳೆಯರಲ್ಲಿ ನಿರೀಕ್ಷಿತ ದೂರವು (2.11 × ಸೆಂಟಿಮೀಟರ್‌ನಲ್ಲಿ ಎತ್ತರ) − (2.29 × ಕಿಲೋಗ್ರಾಂನಲ್ಲಿ ತೂಕ) − (5.78 × ವಯಸ್ಸು) + 667 ಮೀಟರ್. 60 ವರ್ಷದ, 150 ಸೆಂ.ಮೀ. ಎತ್ತರದ, 50 ಕಿ.ಗ್ರಾಂ. ತೂಕದ ಮಹಿಳೆಗೆ ಇದು ಸುಮಾರು 522 ಮೀಟರ್ ಆಗುತ್ತದೆ. ಇದರಿಂದ 139 ಮೀಟರ್ ಕಳೆದರೆ ಸಹಜತೆಯ ಕೆಳಮಿತಿ, ಅಂದರೆ ಸುಮಾರು 383 ಮೀಟರ್ ದೊರೆಯುತ್ತದೆ. ಪಾಶ್ಚಾತ್ಯ ಸೂತ್ರಗಳು ಭಾರತೀಯರ ದೂರವನ್ನು ಹೆಚ್ಚಾಗಿ ಅಂದಾಜಿಸುವ ಸಾಧ್ಯತೆಯಿರುವುದರಿಂದ ಭಾರತದಲ್ಲಿಯೇ ರೂಪಿಸಿದ ಸೂತ್ರಗಳನ್ನು ಬಳಸುವುದು ಸೂಕ್ತವೆಂಬ ಅಭಿಪ್ರಾಯವಿದೆ.

ಒಬ್ಬನೇ ರೋಗಿಯ ಹಿಂದಿನ ಮತ್ತು ಇಂದಿನ ದೂರವನ್ನು ಹೋಲಿಸುವುದು ಹೆಚ್ಚು ಉಪಯುಕ್ತ. ವಯಸ್ಕರಲ್ಲಿ ಸುಮಾರು 30 ಮೀಟರ್ ವ್ಯತ್ಯಾಸವನ್ನು ರೋಗಿಗೆ ಅರ್ಥಪೂರ್ಣವಾದ ಬದಲಾವಣೆಯೆಂದು ಪರಿಗಣಿಸುತ್ತಾರೆ.

### ಬೋಡ್ ಸೂಚ್ಯಂಕ

2004ರಲ್ಲಿ ಬಾರ್ತೊಲೊಮೆ ಸೆಲ್ಲಿ ಮತ್ತು ಸಂಗಡಿಗರು ಸಿಒಪಿಡಿ ರೋಗಿಗಳ ಮರಣದ ಅಪಾಯವನ್ನು ಅಂದಾಜಿಸುವ ಬೋಡ್ ಸೂಚ್ಯಂಕವನ್ನು ಪ್ರಕಟಿಸಿದರು. ದೇಹ ತೂಕದ ಸೂಚ್ಯಂಕ, ಶ್ವಾಸಮಾರ್ಗದ ಅಡಚಣೆ, ಏದುಸಿರು ಮತ್ತು ವ್ಯಾಯಾಮ ಸಾಮರ್ಥ್ಯ ಎಂಬ ನಾಲ್ಕು ಅಂಶಗಳಿಗೆ ಅಂಕಗಳನ್ನು ನೀಡಿ ಕೂಡುತ್ತಾರೆ. ಒಟ್ಟು 0ರಿಂದ 10. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

| ಅಂಶ | 0 ಅಂಕ | 1 ಅಂಕ | 2 ಅಂಕ | 3 ಅಂಕ |
|---|---|---|---|---|
| ಮೊದಲ ಸೆಕೆಂಡಿನ ಗಾಳಿ, ನಿರೀಕ್ಷಿತದ ಶೇಕಡಾವಾರು | 65 ಅಥವಾ ಹೆಚ್ಚು | 50–64 | 36–49 | 35 ಅಥವಾ ಕಡಿಮೆ |
| ಆರು ನಿಮಿಷಗಳ ನಡಿಗೆ, ಮೀಟರ್ | 350 ಅಥವಾ ಹೆಚ್ಚು | 250–349 | 150–249 | 149 ಅಥವಾ ಕಡಿಮೆ |
| ಏದುಸಿರಿನ ದರ್ಜೆ, 0–4 | 0–1 | 2 | 3 | 4 |
| ದೇಹ ತೂಕದ ಸೂಚ್ಯಂಕ | 21ಕ್ಕಿಂತ ಹೆಚ್ಚು | 21 ಅಥವಾ ಕಡಿಮೆ | – | – |

ಸ್ಪೈರೋಮೆಟ್ರಿಯೊಂದರ ಆಧಾರದ ಮೇಲೆ ಮಾಡುವ ಅಂದಾಜಿಗಿಂತ ಈ ಸೂಚ್ಯಂಕವು ಮರಣದ ಅಪಾಯವನ್ನು ಉತ್ತಮವಾಗಿ ಮುನ್ಸೂಚಿಸುತ್ತದೆ ಎಂಬುದು ಆ ಅಧ್ಯಯನದ ಮುಖ್ಯ ಶೋಧವಾಗಿತ್ತು.

### ಇತರ ರೋಗಗಳಲ್ಲಿ

ಕಾರಣ ತಿಳಿಯದ ಶ್ವಾಸಕೋಶದ ನಾರುಗಟ್ಟುವಿಕೆಯಲ್ಲಿ ಆರು ತಿಂಗಳೊಳಗೆ ದೂರವು 50 ಮೀಟರಿಗಿಂತ ಹೆಚ್ಚು ಕುಸಿಯುವುದು ಹಾಗೂ ನಡಿಗೆಯಲ್ಲಿ ಆಮ್ಲಜನಕ ಮಟ್ಟ ಶೇ. 88 ಅಥವಾ ಅದಕ್ಕಿಂತ ಕೆಳಗಿಳಿಯುವುದು ಅಪಾಯದ ಸೂಚನೆಗಳಾಗಿವೆ. ಶ್ವಾಸಕೋಶದ ಅಪಧಮನಿಗಳ ಅಧಿಕ ಒತ್ತಡದಲ್ಲಿ ಯುರೋಪಿನ 2015ರ ಮಾರ್ಗಸೂಚಿಯು 440 ಮೀಟರಿಗಿಂತ ಹೆಚ್ಚಿನ ದೂರವನ್ನು ಕಡಿಮೆ ಅಪಾಯವೆಂದೂ 165 ಮೀಟರಿಗಿಂತ ಕಡಿಮೆ ದೂರವನ್ನು ಹೆಚ್ಚಿನ ಅಪಾಯವೆಂದೂ ವರ್ಗೀಕರಿಸಿದೆ.

## ಚಿಕಿತ್ಸೆಯಲ್ಲಿ ಬಳಕೆ

### ಶ್ವಾಸಕೋಶ ಪುನಶ್ಚೇತನ

ಮೇಲ್ವಿಚಾರಣೆಯ ವ್ಯಾಯಾಮ, ಉಸಿರಾಟದ ತರಬೇತಿ ಮತ್ತು ರೋಗದ ತಿಳಿವಳಿಕೆಯನ್ನು ಒಳಗೊಂಡ ಕಾರ್ಯಕ್ರಮಕ್ಕೆ ಶ್ವಾಸಕೋಶ ಪುನಶ್ಚೇತನವೆಂದು ಹೆಸರು. ಇದು ಏದುಸಿರನ್ನು ತಗ್ಗಿಸಿ ನಡಿಗೆಯ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ. ಎಷ್ಟು ವೇಗದಲ್ಲಿ ನಡೆಯಬೇಕೆಂಬುದನ್ನು ಪರೀಕ್ಷೆಯಿಂದಲೇ ಲೆಕ್ಕಹಾಕಬಹುದು. ಸಾಮಾನ್ಯ ಕ್ರಮವೆಂದರೆ ಪರೀಕ್ಷೆಯ ಸರಾಸರಿ ವೇಗದ ಶೇ. 80ರಿಂದ ಆರಂಭಿಸುವುದು. ಆರು ನಿಮಿಷಗಳಲ್ಲಿ 300 ಮೀಟರ್ ನಡೆದವರ ವೇಗ ನಿಮಿಷಕ್ಕೆ 50 ಮೀಟರ್, ಅದರ ಶೇ. 80 ಎಂದರೆ 40 ಮೀಟರ್. ಆ ಪ್ರಕಾರ 20 ನಿಮಿಷಗಳಲ್ಲಿ 800 ಮೀಟರ್ ನಡೆಯುವುದು ಗುರಿಯಾಗುತ್ತದೆ. ಆರಂಭದಲ್ಲಿ ಇದನ್ನು ಮಧ್ಯೆ ಮಧ್ಯೆ ವಿಶ್ರಮಿಸುತ್ತಾ ಪೂರೈಸಬಹುದು. ಕೆಲವು ವಾರಗಳ ನಂತರ ಪರೀಕ್ಷೆಯನ್ನು ಮತ್ತೆ ನಡೆಸಿ ಸುಧಾರಣೆಯನ್ನು ಅಳೆಯುತ್ತಾರೆ.

### ಆಮ್ಲಜನಕ ಚಿಕಿತ್ಸೆ

ವಿಶ್ರಾಂತಿಯಲ್ಲಿಯೇ ಆಮ್ಲಜನಕದ ತೀವ್ರ ಕೊರತೆಯಿರುವ ಸಿಒಪಿಡಿ ರೋಗಿಗಳಿಗೆ ದಿನಕ್ಕೆ 15 ಗಂಟೆ ಅಥವಾ ಹೆಚ್ಚು ಕಾಲ ಆಮ್ಲಜನಕ ನೀಡಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದು 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ ಸ್ಥಾಪಿತವಾಗಿದೆ. ನಡೆಯುವಾಗ ಮಾತ್ರ ಕೊರತೆ ಉಂಟಾಗುವವರ ವಿಷಯ ಭಿನ್ನವಾಗಿದೆ. ವಿಶ್ರಾಂತಿಯಲ್ಲಿ ಅಥವಾ ಶ್ರಮದಲ್ಲಿ ಮಧ್ಯಮ ಕೊರತೆಯಿದ್ದ 738 ಸಿಒಪಿಡಿ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಯಲ್ಲಿ ಆಮ್ಲಜನಕ ನೀಡಿದ್ದರಿಂದ ಮರಣ ಅಥವಾ ಆಸ್ಪತ್ರೆ ದಾಖಲಾತಿಯಲ್ಲಿ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ನಡಿಗೆಯಲ್ಲಿ ಕುಸಿತ ಕಂಡವರೆಲ್ಲರಿಗೂ ಆಮ್ಲಜನಕ ಯಂತ್ರ ಕೊಳ್ಳುವ ಅಗತ್ಯವಿರುವುದಿಲ್ಲ. ಆಮ್ಲಜನಕ ನೀಡಿ ಮತ್ತೊಮ್ಮೆ ನಡೆಯಿಸಿ, ದೂರ ಹೆಚ್ಚಿತೇ ಏದುಸಿರು ತಗ್ಗಿತೇ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಸಾಲ ಮಾಡಿ ಯಂತ್ರ ಕೊಳ್ಳುವ ಕುಟುಂಬಗಳಿಗೆ ಈ ನಿರ್ಧಾರವು ಆರ್ಥಿಕವಾಗಿಯೂ ಮಹತ್ವದ್ದು.

### ಶಸ್ತ್ರಚಿಕಿತ್ಸೆಗೆ ಮುನ್ನ

ಕ್ಯಾನ್ಸರ್ ಮುಂತಾದ ಕಾರಣಗಳಿಗೆ ಶ್ವಾಸಕೋಶದ ಭಾಗವನ್ನು ತೆಗೆಯುವ ಮುನ್ನ ರೋಗಿಯು ಅದನ್ನು ತಾಳಿಕೊಳ್ಳಬಲ್ಲನೇ ಎಂದು ತಿಳಿಯಬೇಕಾಗುತ್ತದೆ. ಗರಿಷ್ಠ ಆಮ್ಲಜನಕ ಬಳಕೆಯು ನಿಮಿಷಕ್ಕೆ ಪ್ರತಿ ಕಿಲೋಗ್ರಾಂ ತೂಕಕ್ಕೆ 20 ಮಿ.ಲೀ.ಗಿಂತ ಹೆಚ್ಚಿದ್ದರೆ ಅಪಾಯ ಕಡಿಮೆಯೆಂದೂ 10 ಮಿ.ಲೀ.ಗಿಂತ ಕಡಿಮೆಯಿದ್ದರೆ ಹೆಚ್ಚೆಂದೂ ಪರಿಗಣಿಸುತ್ತಾರೆ. ಪ್ರಯೋಗಾಲಯ ಪರೀಕ್ಷೆಗೆ ಕಳುಹಿಸುವ ಮುನ್ನ ಮೆಟ್ಟಿಲು ಹತ್ತಿಸಿಯೂ ನೋಡಬಹುದು. ಅಮೆರಿಕದ ಎದೆರೋಗ ವೈದ್ಯರ ಸಂಘಟನೆಯ 2013ರ ಮಾರ್ಗಸೂಚಿಯಲ್ಲಿ ಇದಕ್ಕೆ 22 ಮೀಟರ್ ಎತ್ತರವನ್ನೂ ಶಟಲ್ ನಡಿಗೆಗೆ 400 ಮೀಟರ್ ದೂರವನ್ನೂ ಗಡಿಯಾಗಿ ಬಳಸಲಾಗಿದೆ. 22 ಮೀಟರ್ ಎಂಬುದು ಬೀದರ್ ನಗರದ ಚೌಬಾರಾ ಗೋಪುರದ ಎತ್ತರಕ್ಕೆ ಹೆಚ್ಚುಕಡಿಮೆ ಸಮ.

## ಕರ್ನಾಟಕದಲ್ಲಿ ಮತ್ತು ಬೀದರ್ ಜಿಲ್ಲೆಯಲ್ಲಿ ಪ್ರಸ್ತುತತೆ

2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ನಿಯತಕಾಲಿಕದಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ ಪೀಡಿತರ ಸಂಖ್ಯೆ 1990ರಲ್ಲಿ 2.81 ಕೋಟಿ ಇದ್ದದ್ದು 2016ರಲ್ಲಿ 5.53 ಕೋಟಿಗೆ ಏರಿತು. ಧೂಮಪಾನದೊಂದಿಗೆ ಸೌದೆ, ಬೆರಣಿ ಮತ್ತು ಬೆಳೆಯ ತ್ಯಾಜ್ಯದ ಒಲೆಯ ಹೊಗೆ, ವಾಯುಮಾಲಿನ್ಯ ಹಾಗೂ ಕೆಲಸದ ಸ್ಥಳದ ದೂಳು ಇದಕ್ಕೆ ಕಾರಣಗಳಾಗಿವೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ದೊರೆಯುವ ಸೂಚ್ಯಂಕವು 60ನ್ನು ತಲುಪಿದರೆ ದೀರ್ಘಕಾಲೀನ ಬ್ರಾಂಕೈಟಿಸ್‌ನ ಅಪಾಯ ಗಮನಾರ್ಹವಾಗುತ್ತದೆಂದು ಗುರುತಿಸಿತು. ದಿನಕ್ಕೆ ಮೂರು ಗಂಟೆಯಂತೆ 20 ವರ್ಷ ಒಲೆಯ ಮುಂದೆ ಅಡುಗೆ ಮಾಡಿದರೆ ಈ ಅಂಕಿ ತಲುಪುತ್ತದೆ.

ಬೀದರ್ ಕರ್ನಾಟಕದ ಉತ್ತರ ತುದಿಯ ಜಿಲ್ಲೆಯಾಗಿದ್ದು ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಹೊಂದಿಕೊಂಡಿದೆ. ಬೀದರ್ ನಗರದಲ್ಲಿ 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಭಾಲ್ಕಿ ಮತ್ತು ಔರಾದ್‌ಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಜೋಳ, ತೊಗರಿ, ಉದ್ದು, ಸೋಯಾ ಮತ್ತು ಕಬ್ಬು ಬೆಳೆಯುವ ಈ ಭಾಗದಲ್ಲಿ ತೊಗರಿ ಕಟ್ಟಿಗೆ ಮತ್ತು ಕುಳ್ಳು ರೂಢಿಯ ಇಂಧನಗಳಾಗಿವೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯಿಂದ ಅನಿಲ ಸಂಪರ್ಕ ವಿಸ್ತರಿಸಿದರೂ, ದಶಕಗಳ ಕಾಲ ಹೊಗೆ ಸೇವಿಸಿದವರಲ್ಲಿ ಆಗಿರುವ ಹಾನಿ ಉಳಿದಿರುತ್ತದೆ. ರೋಗಿಯ ಪೂರ್ವವೃತ್ತಾಂತ ಕೇಳುವಾಗ ಬೀಡಿ ಸೇವನೆಯೊಂದಿಗೆ ಒಲೆಯ ಹೊಗೆ, ಒಕ್ಕಣೆಯ ದೂಳು, ಕಲ್ಲುಗಣಿಯ ಕೆಲಸ ಹಾಗೂ ಬಿದ್ರಿ ಕೆಲಸದಲ್ಲಿ ಸತು–ತಾಮ್ರದ ಮಿಶ್ರಲೋಹವನ್ನು ಕರಗಿಸುವ ಮತ್ತು ಉಜ್ಜುವ ಹಂತಗಳ ಹೊಗೆ, ದೂಳುಗಳ ಬಗೆಗೂ ವಿಚಾರಿಸುವುದು ಇಲ್ಲಿ ಪ್ರಸ್ತುತ. ಹಿಂದೆ ಕ್ಷಯರೋಗಕ್ಕೆ ಚಿಕಿತ್ಸೆ ಪಡೆದವರಲ್ಲಿ, ರೋಗಾಣು ನಾಶವಾದ ಬಳಿಕವೂ ಶ್ವಾಸಕೋಶದ ಕಲೆಯಿಂದ ಏದುಸಿರು ಉಳಿಯಬಹುದು.

ಇಂತಹ ಪ್ರದೇಶಗಳಲ್ಲಿ ಸರಳ ನಡಿಗೆ ಪರೀಕ್ಷೆಯು ಯಾರನ್ನು ದೂರದ ತಜ್ಞ ಕೇಂದ್ರಕ್ಕೆ ಕಳುಹಿಸಬೇಕು, ಯಾರಿಗೆ ಊರಿನಲ್ಲಿಯೇ ನಡಿಗೆಯ ತರಬೇತಿ ಸಾಕು ಎಂಬುದನ್ನು ನಿರ್ಧರಿಸಲು ಸಹಾಯಕ. ಆದರೆ ಫಲಿತಾಂಶ ವಿಶ್ವಾಸಾರ್ಹವಾಗಲು ಕೆಲವು ಸ್ಥಳೀಯ ಅಂಶಗಳನ್ನು ಗಮನಿಸಬೇಕಾಗುತ್ತದೆ.

* ಹಾದಿಯ ಉದ್ದ: ಚಿಕ್ಕ ಹಾದಿಯಲ್ಲಿ ತಿರುವುಗಳು ಹೆಚ್ಚುವುದರಿಂದ ದೂರ ಕಡಿಮೆಯಾಗುತ್ತದೆ. 30 ಮೀಟರಿನ ಬದಲು 10 ಮೀಟರ್ ಹಾದಿ ಬಳಸಿದಾಗ ಸಿಒಪಿಡಿ ರೋಗಿಗಳ ದೂರ ಸರಾಸರಿ ಸುಮಾರು 50 ಮೀಟರ್ ಕಡಿಮೆಯಾದುದನ್ನು ಅಧ್ಯಯನವೊಂದು ತೋರಿಸಿದೆ. ತಾಲ್ಲೂಕು ಆಸ್ಪತ್ರೆಯ ಚಿಕ್ಕ ಹಾದಿಯ ಫಲಿತಾಂಶವನ್ನು ನಗರದ ಆಸ್ಪತ್ರೆಯ ಫಲಿತಾಂಶದೊಂದಿಗೆ ಹೋಲಿಸಿದರೆ ಇಲ್ಲದ ಸುಧಾರಣೆ ಅಥವಾ ಕುಸಿತ ಕಂಡುಬರಬಹುದು. ಆದುದರಿಂದ ವರದಿಯಲ್ಲಿ ಹಾದಿಯ ಉದ್ದವನ್ನು ನಮೂದಿಸಬೇಕು.
* ಭಾಷೆ: ಜಿಲ್ಲೆಯಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು ಮತ್ತು ತೆಲುಗು ಬಳಕೆಯಲ್ಲಿವೆ. ಸೂಚನೆಗಳನ್ನು ರೋಗಿಯ ಭಾಷೆಯಲ್ಲಿ, ಪ್ರತಿ ಬಾರಿಯೂ ಒಂದೇ ಪದಗಳಲ್ಲಿ ಹೇಳಬೇಕು. ಏದುಸಿರನ್ನು ದಮ್ಮು, ತೇಕು ಮುಂತಾದ ಆಡುಮಾತಿನ ಪದಗಳಿಂದ ವಿವರಿಸಿದರೆ ಅಂಕ ನೀಡುವುದು ಸುಲಭವಾಗುತ್ತದೆ.
* ಹವಾಮಾನ: ಬೇಸಿಗೆಯ ತಾಪ ತೀವ್ರವಾಗಿರುವುದರಿಂದ ನೆರಳಿನ ಹಾದಿಯಲ್ಲಿ, ಸಾಧ್ಯವಾದಷ್ಟು ದಿನದ ಒಂದೇ ಸಮಯದಲ್ಲಿ ಪರೀಕ್ಷಿಸುವುದು ಒಳಿತು. ಚಳಿಗಾಲದಲ್ಲಿ ಬೆರಳುಗಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು; ಕೈಗಳನ್ನು ಬೆಚ್ಚಗಾಗಿಸಿ ಅಳೆಯಬೇಕು.
* ಸಂಕೋಚ: ಅನೇಕ ಹಿರಿಯ ಮಹಿಳೆಯರಿಗೆ ಅಪರಿಚಿತರ ಎದುರು ವೇಗವಾಗಿ ನಡೆದು ರೂಢಿಯಿರುವುದಿಲ್ಲ. ಮೊದಲ ನಡಿಗೆಯನ್ನು ಅಭ್ಯಾಸವೆಂದು ಭಾವಿಸಿ ಎರಡನೆಯದನ್ನೂ ನಡೆಸುವುದರಿಂದ ನಿಜವಾದ ಸಾಮರ್ಥ್ಯ ತಿಳಿಯುತ್ತದೆ.

## ಮಿತಿಗಳು

ಆರು ನಿಮಿಷಗಳ ನಡಿಗೆ ಪರೀಕ್ಷೆಯು ಸಾಮರ್ಥ್ಯ ಎಷ್ಟು ಕುಂದಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಏಕೆ ಕುಂದಿದೆ ಎಂಬುದನ್ನಲ್ಲ. ರಕ್ತಹೀನತೆ, ಹೃದಯದ ವೈಫಲ್ಯ, ಸಂಧಿವಾತ ಮತ್ತು ಕಾಲಿನ ರಕ್ತನಾಳಗಳ ಕಾಯಿಲೆಯಿಂದಲೂ ದೂರ ಕಡಿಮೆಯಾಗಬಹುದು. ಆದುದರಿಂದ ಇದು ಸ್ಪೈರೋಮೆಟ್ರಿ, ಎದೆಯ ಕ್ಷ-ಕಿರಣ ಮತ್ತು ಹೃದಯ ಪರೀಕ್ಷೆಗಳಿಗೆ ಪೂರಕವೇ ವಿನಾ ಬದಲಿಯಲ್ಲ. ರೋಗ ಸೌಮ್ಯವಾಗಿದ್ದವರು ಪೂರ್ಣ ವೇಗದಲ್ಲಿ ನಡೆದು ಗರಿಷ್ಠ ಮಿತಿಯನ್ನು ತಲುಪುವುದರಿಂದ ಅವರಲ್ಲಿನ ಸುಧಾರಣೆ ಕಂಡುಬರುವುದಿಲ್ಲ.

ಪಲ್ಸ್ ಆಕ್ಸಿಮೀಟರ್‌ಗೂ ಮಿತಿಗಳಿವೆ. ಕೈಯ ಚಲನೆ ಮತ್ತು ಉಗುರುಬಣ್ಣ ಅಂಕಿಯನ್ನು ಕೆಡಿಸಬಹುದು. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಕ್ಸಿಮೀಟರ್ ಗುರುತಿಸದ ಆಮ್ಲಜನಕ ಕೊರತೆಯು ಬಿಳಿಯರಿಗಿಂತ ಕಪ್ಪುವರ್ಣೀಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿತು. ಗಾಢ ಮೈಬಣ್ಣದವರಲ್ಲಿ ಗಡಿಯ ಸಮೀಪದ ಅಂಕಿ ಬಂದಾಗ ಅಪಧಮನಿಯ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಸೂಕ್ತ.

## ಇವನ್ನೂ ನೋಡಿ

* ಶ್ವಾಸಕೋಶ
* ಅಸ್ತಮಾ
* ಕ್ಷಯರೋಗ
* ವಾಯುಮಾಲಿನ್ಯ
* ಬೀದರ್ ಜಿಲ್ಲೆ